ತೊಳೆಯದ ಬಟ್ಟೆ

೧೮ ನವೆಂಬರ್ ೨೦೨೩, ರಾಯಚೂರು

ಬೀಜದ ಕಂಪನಿಯವರು ವರ್ಷದ ಮೊದಲಲ್ಲಿ ಕೊಟ್ಟ ಡೈರಿ ಇದು. ಹತ್ತು ತಿಂಗಳು ಅಲಮಾರದ ಮೇಲೆ ಸುಮ್ಮನೆ ಬಿದ್ದಿತ್ತು. ಇವತ್ತು ತೆಗೆದದ್ದಕ್ಕೆ ಕಾರಣ ಇಷ್ಟೇ: ಮಾತಾಡಿದರೆ ದವಡೆ ಬಿಗಿಯುತ್ತದೆ, ಬರೆದರೆ ಏನೂ ಆಗುವುದಿಲ್ಲ.

ಎಡಗಡೆ ದವಡೆಯ ಮೂಲೆಯಲ್ಲಿ ಒಂದು ಗಂಟು ಎದ್ದಿದೆ. ಆಗಸ್ಟಿನಲ್ಲಿ ಮಾನ್ವಿಯಲ್ಲಿ ಹಲ್ಲು ಕೀಳಿಸಿದ್ದೆ, ಅದೇ ಜಾಗದ ಕೆಳಗೆ. ನೋವು ಇಲ್ಲವೆಂದೇ ಹೇಳಬೇಕು. ಆದರೆ ಕಟ್ಟಿಗೆ ಮುಟ್ಟಿದ ಹಾಗೆ ಗಟ್ಟಿ. ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತದೆ.

ಬೇರೆಯವರಿಗಾದರೆ ಇದು ದೊಡ್ಡ ಸುದ್ದಿಯಲ್ಲ. ನನಗೆ ಬಾಯಿಯೇ ಕಸುಬು. ಬಸವಪ್ರಸಾದ ಸಾಹುಕಾರರ ರೈಸ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷದಿಂದ ಭತ್ತ ನೋಡುವವನು ನಾನು. ಲಾರಿ ಬಂದು ನಿಂತರೆ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ನಾಲ್ಕು ಕಾಳು ದವಡೆಗೆ ಹಾಕಿ ಕಚ್ಚುತ್ತೇನೆ. ಕಟ್ಟೆಂದು ಮುರಿದರೆ ಒಣಗಿದ್ದು, ಚಪ್ಪಟೆಯಾದರೆ ಹಸಿ. ಈ ಜಂಬಣ್ಣ ಹದಿನೇಳು ಅಂದರೆ ತೇವ ನೂರಕ್ಕೆ ಹದಿನೇಳೇ. ತೇವ ಅಳೆಯಲು ಸಾಹುಕಾರರು ಒಂದು ಮಿಷಿನ್ ತರಿಸಿದ್ದಾರೆ. ಅದು ಆಫೀಸಿನ ಕಪಾಟಿನಲ್ಲಿ ಡಬ್ಬಿಯ ಸಮೇತ ನಿದ್ದೆ ಮಾಡುತ್ತಿದೆ.

ಬೆಳಿಗ್ಗೆ ಮನೆಯಾಕೆ, "ದೊಡ್ಡ ಡಾಕ್ಟರಿಗೆ ತೋರಸ್ರಿ. ದಿನಾ ದೊಡ್ಡದು ಆಗಾಕತ್ತದ" ಎಂದಳು.

"ನಿನಗೇನು ತಿಳೀತದ, ಸುಮ್ನಿರು" ಎಂದೆ.

ಅವಳ ಬಾಯಿಂದ ಲವಂಗದ ವಾಸನೆ. ಈಚೆಗೆ ಯಾವಾಗ ನೋಡಿದರೂ ಬಾಯಲ್ಲಿ ಒಂದು ಲವಂಗ. ಈ ವಯಸ್ಸಿನಲ್ಲಿ ಚಟ ಹಿಡಿದಿದೆ.

೨೪ ನವೆಂಬರ್, ಮಾನ್ವಿ

ಸುಗ್ಗಿ. ಮೂರು ದಿನದಿಂದ ಇಲ್ಲೇ ಇದ್ದೇನೆ. ದಲ್ಲಾಳಿ ಮಲ್ಲೇಶನ ಮಾಲು ನೋಡಿದೆ. ನನ್ನನ್ನು ನೋಡಿದ ಕೂಡಲೇ ಅವನು, "ಏನ್ ಜಂಬಣ್ಣಾರ, ಗಲ್ಲದಾಗ ಕಾಳು ಕದ್ದು ಒಯ್ಯಾಕತ್ತೀರೇನು?" ಎಂದ. ಹಮಾಲರೆಲ್ಲ ನಕ್ಕರು.

ಕೊಳವೆಯನ್ನು ಚೀಲದ ತಳದವರೆಗೂ ಇಳಿಸಿದೆ. ಮೇಲೆ ಒಂದು ಗೇಣು ಒಣಗಿದ ಭತ್ತ, ತಳದಲ್ಲಿ ಹಸಿ. ಬಲದವಡೆಯಲ್ಲಿ ಕಚ್ಚಿ ನೋಡಿದೆ.

"ಮ್ಯಾಲ ಹದಿನಾರು, ತಳಕ್ಕ ಇಪ್ಪತ್ತು. ಯಾರ ಕಣ್ಣಿಗೆ ಮಣ್ಣು ಎರಚತೀಯೋ ಮಲ್ಲೇಶ?"

ಅವನಿಗೆ ನಾಚಿಕೆಯೇನೂ ಆಗಲಿಲ್ಲ. "ತೋರಸೋ ಮುಂದ ಚಂದ ಮಾಡಿ ತೋರಸಬೇಕಲ್ರೀ. ಎಲ್ಲಾರೂ ಮಾಡೂದೇ ಅಲ್ಲೇನು?" ಎಂದ. ಇಂಥವರ ನಡುವೆ ಕೆಲಸ.

ಹಲ್ಲು ಕಿತ್ತ ಡಾಕ್ಟರನ್ನು ಸಂಜೆ ಕಂಡೆ. ಐದು ದಿನದ ಗುಳಿಗೆ ಬರೆದುಕೊಟ್ಟ.

೨೯ ನವೆಂಬರ್

ಮೂರು ದಿನಕ್ಕೇ ಗಂಟು ಇಳಿಯಿತು. ಗುಳಿಗೆ ನಿಲ್ಲಿಸಿದೆ. ಉಳಿದವು ಜೇಬಿನಲ್ಲಿವೆ, ಮತ್ತೆ ಬೇಕಾದರೆ ಇರಲಿ.

೧೨ ಡಿಸೆಂಬರ್, ರಾಯಚೂರು

ಗಂಟು ಮತ್ತೆ ಬಂದು, ನಿನ್ನೆ ತಾನಾಗಿ ಒಡೆಯಿತು. ದವಡೆಯ ಕೆಳಗೆ ಸಣ್ಣ ತೂತು. ಕೀವು ಬರುತ್ತದೆ, ಹೆಚ್ಚೇನಿಲ್ಲ. ಹಳೆಯ ಪಂಚೆಯನ್ನು ಹರಿದು ಮಡಿಸಿ ಕಟ್ಟಿಕೊಂಡಿದ್ದೇನೆ. ಮೇಲೆ ಮಫ್ಲರ್. ಚಳಿ ಇರುವುದರಿಂದ ಮಿಲ್ಲಿನಲ್ಲಿ ಯಾರೂ ಕೇಳಲಿಲ್ಲ.

ಬಟ್ಟೆ ಒಗೆಯುವವಳು ಮನೆಯಾಕೆ. ಇವತ್ತು ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಅರಿವ್ಯಾಗ ಹಳದಿ ರವಾ ರವಾ ಬಂದಾದ ನೋಡ್ರಿ. ಬರೇ ಕೀವು ಹಿಂಗ ಇರಂಗಿಲ್ಲ."

ನೋಡಿದೆ. ಸಾಸಿವೆಗಿಂತ ಸಣ್ಣ, ಹಳದಿ ಕಾಳು, ನಾಲ್ಕೈದು. "ಮಿಲ್ಲಿನ ತೌಡು ಅದು. ದಿನಾ ಮುಖದ ಮ್ಯಾಲ ಕೂಡತದ, ಗಾಯಕ್ಕ ಅಂಟ್ಯಾದ" ಎಂದೆ. ಭತ್ತದ ಹೊಟ್ಟು, ತೌಡು, ನುಚ್ಚು ನನಗೆ ಗೊತ್ತಿಲ್ಲದೆ ಇವಳಿಗೆ ಗೊತ್ತೇ?

ಅವಳು ತನ್ನದೂ ಏನೋ ಒಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಲಾರಿ ಬಂದಿದೆ ಎಂದು ಫೋನು ಬಂತು. ಎದ್ದು ಹೋದೆ.

೩೦ ಡಿಸೆಂಬರ್, ದೇವದುರ್ಗ

ಮನೆಯಾಕೆಯ ಅಣ್ಣ ಶರಣಯ್ಯನ ಮನೆ. ಇಲ್ಲಿ ಒಬ್ಬರು ಸೊಪ್ಪು ಅರೆದು ಹಚ್ಚುತ್ತಾರೆ, ಎಂಥ ಗಂಟೂ ಕರಗುತ್ತದೆ ಎಂದು ಅವನೇ ಕರೆಸಿಕೊಂಡ. ಹಚ್ಚಿಸಿಕೊಂಡೆ. ಕೆಂಡ ಇಟ್ಟ ಹಾಗೆ ಉರಿಯಿತು.

ಶರಣಯ್ಯ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮ ಬಿಳಿ ಎತ್ತಿಗೂ ದವಡಿಗೆ ಹಿಂಗ ಆಗಿತ್ರೀ ಜಂಬಣ್ಣಾರ. ಹಿಂಗ ಕಲ್ಲಾಗಿತ್ತು, ಹಿಂಗ ಸೋರತಿತ್ತು" ಎಂದ.

"ಆಮ್ಯಾಲ ಏನಾತು?"

ಅವನು ಚಹಾ ತರಲು ಒಳಗೆ ಹೋದ.

೧೧ ಜನವರಿ ೨೦೨೪, ರಾಯಚೂರು

ಹೊಸ ಡೈರಿ ಯಾರೂ ಕೊಟ್ಟಿಲ್ಲ. ಹಳೆಯದರಲ್ಲೇ ಖಾಲಿ ಹಾಳೆ ಬೇಕಾದಷ್ಟಿವೆ, ತಾರೀಖು ತಿದ್ದಿ ಬರೆಯುತ್ತೇನೆ.

ತೂತು ಈಗ ಎರಡು. ಸೊಪ್ಪು ಹಚ್ಚಿದ ಕಡೆ ಚರ್ಮ ಸುಟ್ಟಿದೆ. ಊರಿನ ಒಬ್ಬ ಸರ್ಜನ್ನರಿಗೆ ತೋರಿಸುತ್ತಿದ್ದೇನೆ. ಹೋಗುವ ಮುಂಚೆ ಪ್ರತಿ ಸಲ ಬಿಸಿನೀರಲ್ಲಿ ಗಾಯ ತೊಳೆದು, ಹಿಂಡಿ, ಒರೆಸಿ, ಹೊಸ ಹತ್ತಿ ಇಟ್ಟು, ಮೆಡಿಕಲ್ ಅಂಗಡಿಯ ಎರಡು ಗುಳಿಗೆ ನುಂಗಿ ಹೋಗುತ್ತೇನೆ. ದೊಡ್ಡವರ ಮುಂದೆ ಹೊಲಸು ಮುಖ ಹಿಡಿದುಕೊಂಡು ಕೂರುವುದು ಸರಿಯಲ್ಲ.

ಮೊದಲು ಟಿ.ಬಿ. ಇರಬಹುದು ಎಂದರು. ಕಫ, ಎದೆಯ ಫೋಟೋ, ಏನೂ ಇಲ್ಲ. ಗಾಯದ ಬಾಯಿ ಒರೆಸಿ ಲ್ಯಾಬಿಗೆ ಕಳಿಸಿದರು. ಎರಡು ದಿನಕ್ಕೆ, ಏನೂ ಬೆಳೆದಿಲ್ಲ ಎಂದು ಚೀಟಿ ಬಂತು. ಸೂಜಿ ಚುಚ್ಚಿ ತೆಗೆದದ್ದರಲ್ಲೂ ಏನೂ ತಿಳಿಯಲಿಲ್ಲ.

ಇವತ್ತು ಅವರು ನನ್ನ ಮುಖ ನೋಡದೆ ಕಾಗದ ನೋಡಿಕೊಂಡೇ ಹೇಳಿದರು. "ಇಷ್ಟು ಗಟ್ಟಿ ಅದ ಅಂದ್ರ ಕ್ಯಾನ್ಸರ್ ಇರಬಹುದ್ರಿ. ಹುಬ್ಬಳ್ಳಿಗೆ ಬರಕೊಡತೀನಿ. ತುಣುಕು ತಗದು ನೋಡತಾರ. ಅದೇ ಆಗಿದ್ರ ಈ ಕಡೀ ದವಡಿ ಎಲುಬು ತಗೀಬೇಕಾಗತದ."

ಎಷ್ಟು ಎಂದು ಕೇಳಿದೆ. ಇಲ್ಲಿಂದ ಇಲ್ಲಿಗೆ ಎಂದು ತಮ್ಮ ಕೆನ್ನೆಯ ಮೇಲೆ ಬೆರಳೆಳೆದು ತೋರಿಸಿದರು. ಅರ್ಧ.

ಮನೆಗೆ ಬಂದು ಮನೆಯಾಕೆಗೆ ಹೇಳಿದೆ. ಒಲೆ ಆರಿಸಿ ಬಂದು ಎದುರಿಗೆ ಕೂತಳು.

೨೩ ಜನವರಿ

ಹೋದ ವಾರ ಒಂದು ಲಾರಿ ಹದಿನಾರು ಎಂದು ಇಳಿಸಿಕೊಂಡಿದ್ದೆ. ಇವತ್ತು ಗೋದಾಮಿನಲ್ಲಿ ಆ ಚೀಲಗಳು ಬಿಸಿಯಾಗಿವೆ. ಕೈ ಒಳಗೆ ಹಾಕಿದರೆ ಹಬೆ. ಹಮಾಲರ ಮುಖಂಡ ಮೀರಾಹುಸೇನ ಕಪಾಟಿನಿಂದ ಮಿಷಿನ್ ತೆಗೆದು ಕಾಳು ಹಾಕಿದ.

"ಹತ್ತೊಂಬತ್ತೂವರಿ ತೋರಸಾಕತ್ತದ ಜಂಬಣ್ಣಾ."

ಹಲ್ಲು ಹಲ್ಲಿಗೆ ಕೂಡುತ್ತಿಲ್ಲ. ನಾನು ಕಚ್ಚಿದ್ದು ಕಾಳಲ್ಲ, ಅಂದಾಜು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಸಾಹುಕಾರರು ಬೈಯಲಿಲ್ಲ. "ನೀ ಆರಾಮಾಗೋತನ ಮೀರಾಹುಸೇನ ಮಿಷಿನ್ ಮ್ಯಾಲ ನೋಡ್ಲಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

೨ ಫೆಬ್ರವರಿ

ಹುಬ್ಬಳ್ಳಿಗೆ ಹನ್ನೆರಡನೇ ತಾರೀಖು ಗೊತ್ತಾಗಿದೆ. ಮನೆಯಾಕೆ ದೇವಸುಗೂರಿಗೆ ಹೋಗಿ ಸೂಗೂರೇಶ್ವರನಿಗೆ ಕಾಯಿ ಒಡೆಸಿ ಬಂದಳು. ಮಧ್ಯಾಹ್ನ ಇಬ್ಬರೂ ಸಾರಿನಲ್ಲಿ ನೆನೆಸಿದ ರೊಟ್ಟಿ ತಿಂದೆವು. ನನಗಾಗಿ ಅವಳೂ ಮೆತ್ತಗಿನದೇ ತಿನ್ನುತ್ತಾಳೆ.

ನನಗೆ ಹೆದರಿಕೆಯಾಗಿದೆ. ಇದನ್ನು ಬೇರೆ ಎಲ್ಲೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ. ಕನ್ನಡಿಯಲ್ಲಿ ಎಡಗೆನ್ನೆಯನ್ನು ಕೈಯಿಂದ ಮುಚ್ಚಿಕೊಂಡು ನೋಡಿದೆ. ಆಮೇಲೆ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ.

೫ ಫೆಬ್ರವರಿ

ಮೀರಾಹುಸೇನ ಮನೆಗೆ ಬಂದಿದ್ದ. ಅವನ ಹೆಂಡತಿ ಉಮ್ಮೇ ಕುಲ್ಸುಮ್ ಆಸ್ಪತ್ರೆಯಲ್ಲಿ ಸಿಸ್ಟರ್. "ಹುಬ್ಬಳ್ಳಿಗೆ ಹೋಗೂಕಿಂತ ಮೊದ್ಲು ನಮ್ಮ ಮೇಡಂಗ ಒಂದ್ಸಲ ತೋರಸಂತ ನಮ್ಮಾಕಿ ಹೇಳ್ಯಾಳ. ದವಡಿ ಡಾಕ್ಟರು, ಶಶಿಕಲಾ ಅಂತ" ಎಂದ. ನಾನು ಬೇಡವೆಂದು ತಲೆಯಾಡಿಸುವ ಮೊದಲೇ ಮನೆಯಾಕೆ, "ನಾಡಿದ್ದು ಬರತೀವಂತ ಹೇಳಣ್ಣಾ" ಎಂದಳು.

ಮಿಷಿನ್ ಹೇಗಿದೆ ಎಂದು ಅವನನ್ನು ಕೇಳಲಿಲ್ಲ. ಅವನೂ ಹೇಳಲಿಲ್ಲ.

೭ ಫೆಬ್ರವರಿ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಎಂದಿನಂತೆ ಗಾಯ ತೊಳೆದೆ. ಬಿಳಿ ಹತ್ತಿ, ಇಸ್ತ್ರಿ ಮಾಡಿದ ಅಂಗಿ. ಡಾ. ಶಶಿಕಲಾ ನಲವತ್ತರ ಆಚೀಚೆ ಇರಬೇಕು. ಹತ್ತಿ ತೆಗೆದು ಗಾಯ ನೋಡಿದರು. ಗಂಟನ್ನು ಒತ್ತಿದರು. ಬಾಯಿಗೆ ಟಾರ್ಚ್ ಬಿಟ್ಟರು. ವಸಡಿನಲ್ಲಿ ಹಳೆಯ ಗೀರುಗಳಿವೆ, ಏನು ಚುಚ್ಚಿಕೊಳ್ಳುತ್ತೀರಿ ಎಂದು ಕೇಳಿದರು. ಭತ್ತ ಕಚ್ಚುವುದನ್ನು ಹೇಳಿದೆ.

"ದಿನಕ್ಕ ಎಷ್ಟು ಸಲ?"

"ಸುಗ್ಗಿಯಾಗ ನೂರು ಸಲ ಆಗಬಹುದ್ರಿ."

ಅವರು ಪೆನ್ನು ಕೆಳಗಿಟ್ಟರು. "ಡ್ರೆಸ್ಸಿಂಗ್ ಈಗ ಮಾಡಿ ತಂದೀರೇನು?"

"ಹೌದ್ರಿ. ಹೊಲಸು ತೋರಸಬಾರದಂತ ತೊಳಕೊಂಡು, ಅಂಗಡಿಯ ಎರಡು ಗುಳಿಗಿ ನುಂಗಿ ಬಂದೀನ್ರಿ."

"ಕೀವಿನಾಗ ಏನಾದ್ರೂ ಬರತದೇನು? ಕಾಳಿನಂಗ, ಪುಡಿ ಪುಡಿ?"

"ಇಲ್ರೀ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತೌಡು ಎಂದು ಎಂದೋ ತೀರ್ಮಾನಿಸಿದ್ದೆ, ಅದನ್ನು ಡಾಕ್ಟರಿಗೆ ಹೇಳುವುದೇನು? ಆಗ ಪಕ್ಕದಲ್ಲಿ ಕೂತಿದ್ದ ಮನೆಯಾಕೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ಮಧ್ಯಾಹ್ನಕ್ಕೆ ಬುತ್ತಿ ತಂದಿದ್ದಾಳೆ ಎಂದುಕೊಂಡಿದ್ದೆ. ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟಳು. ಒಳಗೆ ನನ್ನ ಗಾಯದ ಬಟ್ಟೆ.

"ಇದು ನಿನ್ನಿದ್ರೀ. ತೊಳದಿಲ್ಲ. ಎರಡು ತಿಂಗಳಾತು, ಹಿಂಗ ಬರಾಕತ್ತದ. ಇವ್ರು ತೌಡು ಅಂತಾರ."

ನನ್ನ ಕಿವಿ ಸುಟ್ಟಿತು. ಪರರ ಮುಂದೆ ಗಂಡನ ಕೀವಿನ ಬಟ್ಟೆ ಬಿಚ್ಚಿಡುವುದೆಂದರೆ! "ಏ, ತಗಿ ಅದನ್ನ, ತಲಿ ಕೆಟ್ಟದೇನು" ಎಂದೆ. ಡಾಕ್ಟರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. "ತೊಳಕೊಂಡು ಬಂದದ್ದು ನಿಮಗ ಚಂದ. ನನಗ ಈ ಹೊಲಸ ಬೇಕ್ರಿ" ಎಂದು ಬಟ್ಟೆಯನ್ನು ದೀಪದ ಕೆಳಗೆ ಹರಡಿದರು.

ದುರ್ಬೀನಿನಂಥ ಗಾಜು ಹಿಡಿದು ಬಹಳ ಹೊತ್ತು ನೋಡಿದರು. ಚಿಮಟದಿಂದ ಒಂದು ಹಳದಿ ಕಾಳು ಎತ್ತಿ, ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಕಾಳು ಮುರಿಯಿತು. ಅವರು ಹಲ್ಲು ಮುಟ್ಟಿಸದೆ ಕಾಳು ಕಚ್ಚಿದರು ಎಂದೇ ನನಗೆ ಅನಿಸಿತು. ಕೆಲಸ ಬಲ್ಲವರ ಕೈ ನೋಡಿದರೆ ತಿಳಿಯುತ್ತದೆ.

"ತೌಡಲ್ಲ ಇದು. ಒಂದು ಜಾತಿ ರೋಗದ ಕ್ರಿಮಿ, ಗುಂಪು ಕಟ್ಟಿಕೊಂಡು ಕಾಳಿನಂಗ ಆಗಿರತದ. ನನಗ ಇದರ ಮ್ಯಾಲೇ ಅನುಮಾನ. ಆದ್ರ ತುಣುಕು ತಗದು ಖಾತ್ರಿ ಮಾಡಿಕೊಳ್ಳೋತನ ಏನೂ ಹೇಳಂಗಿಲ್ಲ. ಇವತ್ತಿಂದ ನಿಮ್ಮ ಮನಸ್ಸಿಗೆ ಬಂದಂಗ ಗುಳಿಗಿ ನುಂಗೂದು ಬಂದ್. ಆ ಗುಳಿಗಿಯಿಂದಾನೇ ಮೊದ್ಲಿನ ಪರೀಕ್ಷಾದಾಗ ಏನೂ ಬೆಳೆದಿರಲಿಕ್ಕಿಲ್ಲ."

ಇದು ಗಾಳಿ ತಗುಲಿದರೆ ಬೆಳೆಯದಂತೆ. ಗಾಳಿ ಹೋಗದ ಸೀಸೆಯಲ್ಲಿ ಕಳಿಸಿ, ಎರಡು ಮೂರು ವಾರ ಕಾಯಬೇಕಂತೆ. ಹೊರಗೆ ಬಂದ ಮೇಲೆ ಮನೆಯಾಕೆಯನ್ನು ಹಿಂದೆ ಬಿಟ್ಟು ಬೇಗ ಬೇಗ ನಡೆದೆ. ಆಟೋದಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು.

ಚೀಲದ ಮೇಲೆ ಒಣ ಭತ್ತ ಹರಡಿ ತಂದವರನ್ನು ಇಪ್ಪತ್ತಾರು ವರ್ಷ ಹಿಡಿದಿದ್ದೇನೆ. ಮಲ್ಲೇಶನ ನೆನಪಾಯಿತು.

೮ ಫೆಬ್ರವರಿ

ದವಡೆಯ ತುಣುಕು ತೆಗೆದರು. ಹುಬ್ಬಳ್ಳಿ ಸದ್ಯಕ್ಕೆ ಇಲ್ಲ.

೧೪ ಫೆಬ್ರವರಿ

ಕಾಯುತ್ತಿದ್ದೇನೆ.

೨೦ ಫೆಬ್ರವರಿ

ಕ್ಯಾನ್ಸರ್ ಅಲ್ಲ. ಟಿ.ಬಿ. ಅಲ್ಲ. ಡಾಕ್ಟರಿಂದ ಅಕ್ಷರ ಬಿಡಿಸಿ ಬರೆಸಿಕೊಂಡು ಬಂದೆ: ಆಕ್ಟಿನೋಮೈಕೋಸಿಸ್. ತುಣುಕಿನಲ್ಲಿ ಅದೇ ಕಾಳು, ಒಳಗೆ ಕವಲೊಡೆದ ಎಳೆಗಳು. ಸೀಸೆಯಲ್ಲೂ ನಿಧಾನವಾಗಿ ಬೆಳೆಯತೊಡಗಿದೆಯಂತೆ.

"ಎತ್ತಿಂದ ಬಂತೇನ್ರಿ?" ಎಂದು ಕೇಳಿದೆ. ದೇವದುರ್ಗದ ಬಿಳಿ ಎತ್ತು ತಲೆಯಲ್ಲೇ ಕೂತಿತ್ತು.

ಡಾಕ್ಟರು ಮೊದಲ ಸಲ ನಕ್ಕರು. "ಎತ್ತಿಂದು ಇದರ ದಾಯಾದಿ ಅಷ್ಟ. ಒಬ್ಬರಿಂದ ಒಬ್ಬರಿಗೆ ಬರೂದಲ್ಲ ಇದು. ಎಲ್ಲಾರ ಬಾಯಾಗೂ ಇರತದ, ನನ್ನ ಬಾಯಾಗೂ ಅದ. ಹಲ್ಲು ಕಿತ್ತ ಜಾಗ, ಕಾಳು ಚುಚ್ಚಿದ ಗಾಯ, ಎಲ್ಲೋ ಒಂದು ಕಡೆ ದಾರಿ ಸಿಕ್ಕದ, ಒಳಗ ಇಳದದ."

ದವಡೆ ತೆಗೆಯಬೇಕೇ ಎಂದು ಕೇಳಿದವಳು ಮನೆಯಾಕೆ. ಎಲುಬಿನ ಮೇಲ್ಮೈ ಮಾತ್ರ ಸ್ವಲ್ಪ ತಿಂದಿದೆ, ತೆಗೆಯುವುದು ಬೇಡ ಎಂದರು. ನಾಲ್ಕು ವಾರ ರಕ್ತನಾಳಕ್ಕೆ ಪೆನಿಸಿಲಿನ್, ಆಮೇಲೆ ತಿಂಗಳುಗಟ್ಟಲೆ ಗುಳಿಗೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ನನಗೆ ಅಳು ಬಂತು, ಅತ್ತೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡಳು. ಹೋಗುವವರು ಬರುವವರು ಪಕ್ಕಕ್ಕೆ ಸರಿದು ಹೋದರು.

೨೨ ಫೆಬ್ರವರಿ, ವಾರ್ಡು

ಮೊದಲು ಕೈಯ ಚರ್ಮಕ್ಕೆ ಒಂದು ಹನಿ ಚುಚ್ಚಿ, ಒಗ್ಗುತ್ತದೋ ಇಲ್ಲವೋ ನೋಡಿದರು. ಒಗ್ಗಿತು. ಇನ್ನು ನಾಲ್ಕು ನಾಲ್ಕು ಗಂಟೆಗೊಮ್ಮೆ.

ಉಮ್ಮೇ ಕುಲ್ಸುಮ್ ಫಾರಂ ತುಂಬಿಸಿಕೊಂಡಳು. "ಜೊತಿಗೆ ಇರೋರ ಹೆಸರು ಹೇಳ್ರಿ ಅಣ್ಣಾ."

"ಮನಿಯಾಕಿ."

"ಫಾರಮ್ಮಿನಾಗ ಮನಿಯಾಕಿ ಅಂತ ಬರೀಲೇನು? ಹೆಸರು ಬೇಕ್ರಿ."

"ವೀರಭದ್ರಮ್ಮ" ಎಂದೆ. ಬಹಳ ದಿನದ ಮೇಲೆ ಆ ಹೆಸರು ನನ್ನ ಬಾಯಿಂದ ಬಂತು. ಕಿಟಕಿಯ ಹತ್ತಿರ ಚಾದರ ಮಡಿಸುತ್ತಿದ್ದವಳು ತಿರುಗಿ ನೋಡಿದಳು.

೧ ಮಾರ್ಚ್

ಸೂಜಿ. ಜ್ವರವಿಲ್ಲ. ಎಡಗೈ ಊದಿದೆ, ಬಲಗೈಗೆ ಬದಲಿಸಿದರು. ಬರೆಯುವುದು ಕಷ್ಟ.

೭ ಮಾರ್ಚ್

ಒಂದು ತೂತು ಮುಚ್ಚಿದೆ. ಬಾಯಿಗೆ ಮೂರು ಬೆರಳು ಹೋಗುತ್ತವೆ.

ಪಕ್ಕದ ಮಂಚಕ್ಕೆ ಗುಂಜಹಳ್ಳಿಯ ಗದ್ದೆಪ್ಪ ಬಂದಿದ್ದಾನೆ. ಕಾಲಿನ ಹುಣ್ಣು, ಮೂರು ತಿಂಗಳಿಂದ. ಡಾಕ್ಟರು ಬರುವ ಹೊತ್ತಾಯಿತೆಂದು ಬೆಳಿಗ್ಗೆ ಬಾಟಲಿಯ ನೀರು ಸುರಿದು ಹುಣ್ಣು ಒರೆಸಲು ಕೂತಿದ್ದ.

"ಏ ಗದ್ದೆಪ್ಪಾ, ಒರಸಬ್ಯಾಡೋ. ಹೆಂಗದ ಹಂಗ ತೋರಸು."

"ನಾತ ಬರತದ್ರೀ ಯಪ್ಪಾ. ಅವ್ರಿಗೆ ಹ್ಯಾಂಗ ತೋರಸೂದು?"

"ನಾತಾನೂ ತೋರಸು" ಎಂದೆ. ವೀರಭದ್ರಮ್ಮ ಮುಖ ಆಚೆ ತಿರುಗಿಸಿ ನಕ್ಕಳು. ನಗುವಂಥದ್ದು ನಾನೇನು ಹೇಳಿದೆನೋ ತಿಳಿಯಲಿಲ್ಲ.

ಆಸ್ಪತ್ರೆಯ ಅನ್ನಕ್ಕೆ ಹಾಲು ಹಾಕಿ ಮೆತ್ತಗೆ ಕಲಸಿ ಇಬ್ಬರೂ ಉಂಡೆವು.

೨೧ ಮಾರ್ಚ್, ಮನೆ

ಬಿಟ್ಟರು. ದಿನಕ್ಕೆ ಮೂರು ಹೊತ್ತು ಗುಳಿಗೆ, ನವೆಂಬರ್‌ವರೆಗೆ. ಗಂಟು ನಿಂಬೆಹಣ್ಣಿನಷ್ಟಿದ್ದದ್ದು ಈಗ ಹುಣಸೆಬೀಜದಷ್ಟು.

"ಹೊರಗ ಮಾಯ್ದದ ಅಂದ್ರ ಒಳಗ ಮಾಯ್ದದ ಅಂತಲ್ಲ. ಮಧ್ಯದಾಗ ಬಿಟ್ಟರ ಮತ್ತ ಬರತದ" ಎಂದು ಡಾಕ್ಟರು ಎರಡು ಸಲ ಹೇಳಿದರು. ಚೀಲದ ವಿಷಯವಾಗಿದ್ದರೆ ನನಗೆ ಹೇಳಬೇಕಾಗಿರಲಿಲ್ಲ.

೧೮ ಏಪ್ರಿಲ್

ಮಿಲ್ಲಿಗೆ ಹೋದೆ. ಕಾಳು ಕಚ್ಚಬಾರದೆಂದು ಡಾಕ್ಟರ ಆಜ್ಞೆ. ಕೈಯಲ್ಲಿ ಉಜ್ಜಿ ಅಂದಾಜು ಹೇಳುತ್ತೇನೆ, ಆಮೇಲೆ ಮೀರಾಹುಸೇನ ಮಿಷಿನ್‌ಗೆ ಹಾಕುತ್ತಾನೆ. ಹತ್ತು ಲಾರಿಯಲ್ಲಿ ಏಳು ಸರಿ. ಮೂರು ತಪ್ಪು. "ಹಲ್ಲಿಲ್ಲದ ಹುಲಿ" ಎಂದು ಅವನು ರೇಗಿಸಿದ. ನನಗೂ ನಗು ಬಂತು.

೧೭ ಜೂನ್

ಮಾಲಿನ ಕೆಲಸಕ್ಕೆ ಹನ್ನೊಂದು ದಿನ ಮಾನ್ವಿಯಲ್ಲಿದ್ದೆ. ಗುಳಿಗೆಯ ಚೀಟಿ ಮನೆಯಲ್ಲೇ ಉಳಿದಿತ್ತು. ಅಲ್ಲಿ ಅಂಗಡಿಯಲ್ಲಿ ಕೊಳ್ಳಬಹುದಿತ್ತು, ಕೊಳ್ಳಲಿಲ್ಲ. ಮುಖ ಸಪಾಟಾಗಿದೆ, ಯಾರೂ ಗಂಟು ಎಂದು ನಗುವುದಿಲ್ಲ. ಇನ್ನೇನು ಎನಿಸಿತ್ತು.

ನಿನ್ನೆ ಗಡ್ಡ ಮಾಡುವಾಗ ಬೆರಳಿಗೆ ಗಟ್ಟಿ ಸಿಕ್ಕಿತು. ಅದೇ ಜಾಗ.

ಇವತ್ತು ಡಾಕ್ಟರ ಹತ್ತಿರ ನಾನೇ ಹೋದೆ. ಅವರು ಕೇಳುವ ಮೊದಲೇ, "ಹನ್ನೊಂದು ದಿನ ಗುಳಿಗಿ ತಗೊಂಡಿಲ್ರೀ, ತಪ್ಪು ನಂದೇ" ಎಂದೆ. ಅವರು ಕುರ್ಚಿಗೆ ಒರಗಿ ನನ್ನನ್ನು ನೋಡಿದರು. ಬೈದರು, ಚೆನ್ನಾಗಿಯೇ ಬೈದರು. ಗುಳಿಗೆ ಮತ್ತೆ ಶುರು. ಬೈಸಿಕೊಂಡು ಬಂದು ವೀರಭದ್ರಮ್ಮನಿಗೂ ಹೇಳಿದೆ. ಅವಳು ಗುಳಿಗೆಯನ್ನು ಉಪ್ಪಿನ ಡಬ್ಬಿಯ ಪಕ್ಕಕ್ಕೆ ಇಟ್ಟಳು. ಉಪ್ಪಿಲ್ಲದೆ ಊಟವಿಲ್ಲ, ಇನ್ನು ಮರೆಯಲಾರೆ.

೨೫ ಆಗಸ್ಟ್

ಗಟ್ಟಿ ಹೋಗಿದೆ. ಗುಳಿಗೆ ನಡೆದಿದೆ. ಬರೆಯುವಂಥದ್ದು ಏನೂ ಇಲ್ಲ.

೨೧ ನವೆಂಬರ್ ೨೦೨೪

ಮುಗಿಯಿತು. ಸ್ಕ್ಯಾನ್ ನೋಡಿ ಡಾ. ಶಶಿಕಲಾ, "ಎಲುಬು ತುಂಬಿಕೊಂಡದ. ಗುಳಿಗಿ ಸಾಕ್ರಿ. ಮೂರು ತಿಂಗಳಿಗೊಮ್ಮೆ ಮುಖ ತೋರಸ್ರಿ" ಎಂದರು. ದವಡೆಯ ಕೆಳಗೆ ಎರಡು ಕುಳಿಗಳಿವೆ, ಗಡ್ಡದಲ್ಲಿ ಮುಚ್ಚುತ್ತವೆ.

ವೀರಭದ್ರಮ್ಮ ಇವತ್ತು ಕಡಕ್ ರೊಟ್ಟಿ ಮಾಡಿದ್ದಳು. ಒಂದು ವರ್ಷದ ಮೇಲೆ. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಎಡದವಡೆಯಿಂದ ಮುರಿದೆ. ಕಟ್ಟೆಂದಿತು. ಆ ಶಬ್ದ ಕೇಳಿ ಇಬ್ಬರೂ ನಕ್ಕೆವು.

ಎರಡನೇ ರೊಟ್ಟಿ ಮುರಿಯುವಾಗ ನೋಡಿದೆ. ಅವಳ ತಟ್ಟೆಯಲ್ಲಿ ರೊಟ್ಟಿ ಸಾರಿನಲ್ಲಿ ನೆನೆಯುತ್ತಿತ್ತು. ನಾನು ಕಡಕ್ ರೊಟ್ಟಿ ತಿನ್ನುವಾಗ ಅವಳಿಗೆ ಮೆತ್ತಗಿನದು ಯಾಕೆ? ತುತ್ತನ್ನು ಬಲಗಡೆಗೆ ಮಾತ್ರ ಹಾಕಿಕೊಳ್ಳುತ್ತಿದ್ದಳು. ಎಡಗೆನ್ನೆ ಅಲುಗುತ್ತಿರಲಿಲ್ಲ.

"ಬಾಯಿ ತೆರಿ" ಎಂದೆ.

"ಉಣ್ಣೂ ಮುಂದ ಇದೇನ್ರಿ, ಭತ್ತ ನೋಡಿದಂಗ."

"ತೆರಿ ನೋಡೋಣ."

ಮೊಬೈಲಿನ ಬೆಳಕು ಬಿಟ್ಟೆ. ಎಡಗಡೆ ಕೆಳಸಾಲಿನ ಹಿಂದಿನ ಹಲ್ಲಿನಲ್ಲಿ ಕರಿ ತೂತು, ಸುತ್ತ ವಸಡು ಊದಿ ಕೆಂಪಾಗಿದೆ. ತೂತಿನಲ್ಲಿ ಒಂದು ಲವಂಗ.

"ಯಾವಾಗಿಂದ ಅದ ಇದು?"

"ನೀವು ಮಾನ್ವ್ಯಾಗ ಹಲ್ಲು ಕೀಳಿಸಿಕೊಂಡು ಬಂದ್ರಲ್ಲ, ಅದಕ್ಕಿಂತ ಮೊದ್ಲಿಂದ."

"ಒಂದು ಮಾತು ಹೇಳಬಾರದೇನು?"

"ಹೇಳಾಕ ಬಂದಿದ್ದೆ. ಲಾರಿ ಬಂತಂತ ಎದ್ದು ಹೋದ್ರಿ. ಆಮ್ಯಾಲ ನಿಮ್ದೇ ದೊಡ್ಡದಾತು" ಎಂದು ಬಾಯಿ ಮುಚ್ಚಿಕೊಂಡು ಮತ್ತೆ ತಟ್ಟೆಗೆ ಕೈ ಹಾಕಿದಳು.

ಊಟವಾದ ಮೇಲೆ ಈ ಡೈರಿಯನ್ನು ಮೊದಲಿನಿಂದ ತಿರುವಿದೆ. ಹದಿನೆಂಟು ನವೆಂಬರ್, ಮೊದಲ ದಿನವೇ ಬರೆದಿದ್ದೇನೆ, ಲವಂಗ. ಅದರ ಮುಂದೆ ಚಟ ಎಂದೂ ಬರೆದಿದ್ದೇನೆ. ಲಾರಿಯ ದಿನವೂ ಇದೆ. ಆಸ್ಪತ್ರೆಯ ಮೆಟ್ಟಿಲೂ ಇದೆ. ನನಗಾಗಿ ಮೆತ್ತಗಿನದು ತಿನ್ನುತ್ತಾಳೆ ಎಂದು ನನ್ನ ಕೈಯಾರೆ ಬರೆದದ್ದೂ ಇದೆ. ಒಂದು ವರ್ಷ ಅವಳ ತಟ್ಟೆಯ ಎದುರೇ ಕೂತು ಉಂಡಿದ್ದೇನೆ. ನಾಚಿಕೆಯಾಯಿತು.

ಉಮ್ಮೇ ಕುಲ್ಸುಮ್‌ಗೆ ಫೋನು ಮಾಡಿ ನಾಳೆ ಹತ್ತು ಗಂಟೆಗೆ ಹೆಸರು ಬರೆಸಿದೆ. ಮಿಲ್ಲಿಗೆ ರಜೆ ಹೇಳಿದ್ದೇನೆ. ಬೆಳಿಗ್ಗೆ ಲವಂಗ ಹಾಕಿಕೊಳ್ಳಬೇಡ ಎಂದು ವೀರಭದ್ರಮ್ಮನಿಗೆ ಹೇಳಿದ್ದೇನೆ.